ಬಫಲೋ ಪ್ರದೇಶದ ಹಿಮಬಿರುಗಾಳಿಗಳು ಮತ್ತು ಹವಾಮಾನ ಮುನ್ಸೂಚನೆ

ಬಫಲೋ ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಈರಿ ಸರೋವರದ ಪೂರ್ವ ತುದಿಯಲ್ಲಿರುವ ನಗರ. ನವೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿ ಬೀಸುವ ಹಿಮಬಿರುಗಾಳಿಗಳು ವಿಶ್ವದ ಹವಾಮಾನ ಅಧ್ಯಯನದಲ್ಲಿ ಪ್ರಸಿದ್ಧವಾಗಿವೆ. ಈ ನಗರದಲ್ಲಿ ಮತ್ತು ಇದನ್ನು ಒಳಗೊಂಡ ಈರಿ ಕೌಂಟಿಯಲ್ಲಿ ಹವಾಮಾನ ಮುನ್ಸೂಚನೆಯನ್ನು ಅನುಸರಿಸುವುದು ಚಳಿಗಾಲದ ದಿನಚರಿಯ ಒಂದು ಭಾಗವಾಗಿದೆ. ಶಾಲೆ ತೆರೆಯಬೇಕೆ, ಕೆಲಸಕ್ಕೆ ಹೊರಡಬೇಕೆ, ಔಷಧ ಮತ್ತು ಆಹಾರವನ್ನು ಎಷ್ಟು ದಿನಕ್ಕೆ ಕೂಡಿಡಬೇಕು ಎಂಬ ನಿರ್ಧಾರಗಳು ಅದನ್ನು ಅವಲಂಬಿಸಿವೆ. ಕಳೆದ ಅರ್ಧ ಶತಮಾನದಲ್ಲಿ ಮುನ್ಸೂಚನೆಯ ನಿಖರತೆ ಬಹಳ ಹೆಚ್ಚಿದೆ. ಆದರೂ ನಿಖರವಾದ ಮುನ್ಸೂಚನೆಯೊಂದೇ ಪ್ರಾಣಹಾನಿಯನ್ನು ತಡೆಯಲಾರದು ಎಂಬುದನ್ನು 2022ರ ಡಿಸೆಂಬರ್ ತಿಂಗಳ ಬಿರುಗಾಳಿ ತೋರಿಸಿಕೊಟ್ಟಿತು.

ಪದಗಳ ಅರ್ಥ

ಕನ್ನಡದಲ್ಲಿ ‘ಮಂಜು’ ಎಂಬ ಪದವನ್ನು ಬೆಳಗಿನ ಕಾವಳ, ಇಬ್ಬನಿ, ನೀರ್ಗಲ್ಲು ಮತ್ತು ಆಕಾಶದಿಂದ ಬೀಳುವ ಹಿಮ ಇವೆಲ್ಲಕ್ಕೂ ಬಳಸುವ ರೂಢಿಯುಂಟು. ಈ ಲೇಖನದಲ್ಲಿ ‘ಹಿಮ’ ಎಂದರೆ ಮೋಡದಲ್ಲಿ ನೀರಾವಿಯು ನೇರವಾಗಿ ಹರಳುಗಟ್ಟಿ, ಹತ್ತಿಯ ಎಸಳಿನಂತೆ ನೆಲಕ್ಕೆ ಬೀಳುವ ವಸ್ತು. ಇದು ಆಲಿಕಲ್ಲಿಗಿಂತ ಭಿನ್ನ. ಆಲಿಕಲ್ಲು ಗುಡುಗಿನ ಮೋಡದಲ್ಲಿ ಪದರಪದರವಾಗಿ ಬೆಳೆಯುವ ಗಟ್ಟಿ ನೀರ್ಗಲ್ಲು.

ಹಿಮ ಬೀಳುವುದೆಲ್ಲ ಹಿಮಬಿರುಗಾಳಿಯಲ್ಲ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯು ‘ಬ್ಲಿಜರ್ಡ್’ ಎಂಬ ಪದಕ್ಕೆ ನಿಶ್ಚಿತ ಅರ್ಥ ಕೊಟ್ಟಿದೆ. ಗಂಟೆಗೆ 56 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ವೇಗದ ಗಾಳಿ ಬೀಸುತ್ತಿರಬೇಕು. ಬೀಳುವ ಅಥವಾ ನೆಲದಿಂದ ಮೇಲೆದ್ದ ಹಿಮದಿಂದಾಗಿ ಸುಮಾರು 400 ಮೀಟರಿಗಿಂತ ದೂರದ ವಸ್ತುಗಳು ಕಾಣದಂತಿರಬೇಕು. ಈ ಸ್ಥಿತಿ ಕನಿಷ್ಠ 3 ಗಂಟೆ ಮುಂದುವರಿಯಬೇಕು. ಹೊಸದಾಗಿ ಹಿಮ ಬೀಳಲೇಬೇಕೆಂಬ ನಿಯಮವಿಲ್ಲ. ಮೊದಲೇ ಬಿದ್ದಿರುವ ಹಿಮವನ್ನು ಗಾಳಿಯು ಎಬ್ಬಿಸಿದರೂ ಅದು ಬ್ಲಿಜರ್ಡ್ ಎನಿಸಿಕೊಳ್ಳುತ್ತದೆ.

ಭೌಗೋಳಿಕ ಹಿನ್ನೆಲೆ

ಉತ್ತರ ಅಮೆರಿಕದ ಐದು ಮಹಾ ಸರೋವರಗಳಲ್ಲಿ ಈರಿ ಸರೋವರವು ಅತ್ಯಂತ ಕಡಿಮೆ ಆಳದ್ದು. ಇದರ ಸರಾಸರಿ ಆಳ ಸುಮಾರು 19 ಮೀ., ಗರಿಷ್ಠ ಆಳ 64 ಮೀ. ನೈರುತ್ಯದಿಂದ ಈಶಾನ್ಯಕ್ಕೆ ಚಾಚಿಕೊಂಡಿರುವ ಈ ಸರೋವರದ ಉದ್ದ ಸುಮಾರು 388 ಕಿ.ಮೀ. ಬಫಲೋ ನಗರವು ಈ ಉದ್ದದ ಈಶಾನ್ಯ ತುದಿಯಲ್ಲಿದೆ. ಚಳಿಗಾಲದಲ್ಲಿ ಗಾಳಿಯು ಹೆಚ್ಚಾಗಿ ನೈರುತ್ಯ ಮತ್ತು ಪಶ್ಚಿಮ ದಿಕ್ಕುಗಳಿಂದ ಬೀಸುವುದರಿಂದ, ಸರೋವರದ ಪೂರ್ಣ ಉದ್ದವನ್ನು ದಾಟಿ ಬಂದ ಗಾಳಿ ನೇರವಾಗಿ ನಗರವನ್ನು ತಲುಪುತ್ತದೆ.

ನಗರದ ದಕ್ಷಿಣಕ್ಕಿರುವ ಹ್ಯಾಂಬರ್ಗ್, ಆರ್ಚರ್ಡ್ ಪಾರ್ಕ್, ವೆಸ್ಟ್ ಸೆನೆಕ ಮೊದಲಾದ ಊರುಗಳನ್ನು ಸ್ಥಳೀಯರು ಒಟ್ಟಾಗಿ ‘ಸೌತ್‌ಟೌನ್ಸ್’ ಎಂದೂ, ಉತ್ತರದ ಊರುಗಳನ್ನು ‘ನಾರ್ತ್‌ಟೌನ್ಸ್’ ಎಂದೂ ಕರೆಯುತ್ತಾರೆ. ಚಳಿಗಾಲದ ಮುನ್ಸೂಚನೆಯಲ್ಲಿ ಈ ಎರಡು ಹೆಸರುಗಳು ಪದೇ ಪದೇ ಕೇಳಿಬರುತ್ತವೆ. ದಕ್ಷಿಣದ ಕಡೆಗೆ ನೆಲ ಏರುತ್ತಾ ಗುಡ್ಡಗಳಾಗುವುದರಿಂದ ಅಲ್ಲಿ ಹಿಮಪಾತ ಇನ್ನಷ್ಟು ಹೆಚ್ಚು.

ಬಫಲೋ ನಗರದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 240 ಸೆಂ.ಮೀ. ಹಿಮ ಬೀಳುತ್ತದೆ. ಇದು ರಾಜ್ಯದ ಅತಿ ಹೆಚ್ಚಿನ ಪ್ರಮಾಣವೇನಲ್ಲ; ಒಂಟಾರಿಯೊ ಸರೋವರದ ಪ್ರಭಾವಕ್ಕೆ ಒಳಗಾದ ಸಿರಾಕ್ಯೂಸ್ ನಗರದಲ್ಲಿ 300 ಸೆಂ.ಮೀ.ಗೂ ಹೆಚ್ಚು ಬೀಳುತ್ತದೆ. ಬಫಲೋ ಹೆಸರಾಗಿರುವುದು ಒಟ್ಟು ಹಿಮದ ಪ್ರಮಾಣಕ್ಕಿಂತ ಮುಖ್ಯವಾಗಿ ಅದು ಬೀಳುವ ರಭಸಕ್ಕೆ.

ಸರೋವರ ಪರಿಣಾಮದ ಹಿಮಪಾತ

ಬಫಲೋದ ದೊಡ್ಡ ಹಿಮಪಾತಗಳಲ್ಲಿ ಹೆಚ್ಚಿನವು ‘ಸರೋವರ ಪರಿಣಾಮ’ದಿಂದ ಉಂಟಾಗುತ್ತವೆ. ನೀರು ನೆಲಕ್ಕಿಂತ ನಿಧಾನವಾಗಿ ತಣ್ಣಗಾಗುತ್ತದೆ. ಹಾಗಾಗಿ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಕೆನಡಾದ ಕಡೆಯಿಂದ ಅತಿಶೀತ ಗಾಳಿ ಬಂದಾಗ ಸರೋವರದ ನೀರು ಅದಕ್ಕಿಂತ ಬಹಳ ಬೆಚ್ಚಗಿರುತ್ತದೆ. ಗಾಳಿಯ ಕೆಳಪದರವು ನೀರಿನಿಂದ ಶಾಖವನ್ನೂ ತೇವವನ್ನೂ ಪಡೆದು ಹಗುರವಾಗಿ ಮೇಲೇರುತ್ತದೆ. ಮೇಲೇರಿ ತಣ್ಣಗಾದಾಗ ಮೋಡ ಕಟ್ಟಿ, ದಡ ಸೇರುವ ಹೊತ್ತಿಗೆ ಹಿಮ ಸುರಿಯುತ್ತದೆ.

ಇದಕ್ಕೆ ಮೂರು ಸ್ಥಿತಿಗಳು ಮುಖ್ಯ.

1. ಉಷ್ಣತೆಯ ಅಂತರ: ಸರೋವರದ ಮೇಲ್ಮೈಗೂ ಸುಮಾರು 1.5 ಕಿ.ಮೀ. ಎತ್ತರದ ಗಾಳಿಗೂ ಕನಿಷ್ಠ 13 ಡಿಗ್ರಿ ಸೆಲ್ಸಿಯಸ್ ಅಂತರವಿರಬೇಕು.

2. ನೀರಿನ ಮೇಲಿನ ಹಾದಿ: ಗಾಳಿಯು ನೀರಿನ ಮೇಲೆ ಎಷ್ಟು ದೂರ ಸಾಗುತ್ತದೆಯೋ ಅಷ್ಟು ಹೆಚ್ಚು ತೇವವನ್ನು ಹೊತ್ತುಕೊಳ್ಳುತ್ತದೆ.

3. ದಿಕ್ಕಿನ ಏಕತೆ: ಕೆಳಗಿನ ಗಾಳಿ ಮತ್ತು ಮೇಲಿನ ಗಾಳಿ ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿ ಬೀಸಬೇಕು. ದಿಕ್ಕುಗಳು ಬೇರೆಯಾದರೆ ಮೋಡಗಳ ಸಾಲು ಚದುರಿಹೋಗುತ್ತದೆ.

ಈ ಮೂರೂ ಕೂಡಿದಾಗ ಸರೋವರದ ಉದ್ದಕ್ಕೂ ಕಿರಿದಾದ ಒಂದೇ ಹಿಮಪಟ್ಟಿ ರೂಪುಗೊಳ್ಳುತ್ತದೆ. ಅದರ ಅಗಲ ಕೆಲವೇ ಕಿಲೋಮೀಟರ್‌ಗಳಿಂದ ಕೆಲವು ಹತ್ತು ಕಿಲೋಮೀಟರ್‌ಗಳಷ್ಟು. ಪಟ್ಟಿಯ ಒಳಗೆ ಗಂಟೆಗೆ 5ರಿಂದ 8 ಸೆಂ.ಮೀ., ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹಿಮ ಬೀಳಬಹುದು. ಗುಡುಗು ಮಿಂಚು ಕಾಣಿಸಿಕೊಳ್ಳುವುದೂ ಉಂಟು. ಪಟ್ಟಿಯ ಹೊರಗೆ ಅದೇ ಹೊತ್ತಿನಲ್ಲಿ ಬಿಸಿಲಿರಬಹುದು.

ಗಾಳಿಯ ದಿಕ್ಕು ಕೆಲವು ಡಿಗ್ರಿಗಳಷ್ಟು ಬದಲಾದರೆ ಪಟ್ಟಿಯ ಸ್ಥಾನವೂ ಬದಲಾಗುತ್ತದೆ. ನೈರುತ್ಯದ ಗಾಳಿ ಪಟ್ಟಿಯನ್ನು ನಗರ ಮತ್ತು ನಾರ್ತ್‌ಟೌನ್ಸ್ ಕಡೆಗೆ ಒಯ್ಯುತ್ತದೆ. ಗಾಳಿ ಪಶ್ಚಿಮಕ್ಕೆ ತಿರುಗಿದಂತೆ ಪಟ್ಟಿ ಸೌತ್‌ಟೌನ್ಸ್ ಹಾಗೂ ಗುಡ್ಡಗಳ ಕಡೆಗೆ ಇಳಿಯುತ್ತದೆ. ಆದುದರಿಂದ ಇಲ್ಲಿನ ಜನರಿಗೆ ಹಿಮ ಬೀಳುವುದೇ ಎಂಬುದರಷ್ಟೇ ಗಾಳಿ ಯಾವ ಕಡೆಯಿಂದ ಎಂಬುದೂ ಮುಖ್ಯವಾದ ಪ್ರಶ್ನೆ.

ಆಳ ಕಡಿಮೆಯಿರುವ ಕಾರಣ ಈರಿ ಸರೋವರವು ಚಳಿಗಾಲದ ನಡುವೆ ಬಹುಮಟ್ಟಿಗೆ ಹೆಪ್ಪುಗಟ್ಟುವುದುಂಟು. ಹೆಪ್ಪುಗಟ್ಟಿದ ಮೇಲೆ ಗಾಳಿಗೆ ತೇವ ದೊರೆಯದೆ ಸರೋವರ ಪರಿಣಾಮ ಬಹಳ ಕುಗ್ಗುತ್ತದೆ. ಆದರೆ ಹೆಪ್ಪುಗಟ್ಟಿದ ಸರೋವರದಿಂದ ಬೇರೆ ಬಗೆಯ ಅಪಾಯವುಂಟೆಂಬುದು 1977ರಲ್ಲಿ ತಿಳಿದುಬಂದಿತು.

ವೀಕ್ಷಣೆ ಮತ್ತು ಅಳತೆ

ಮಹಾ ಸರೋವರಗಳಿಗೂ ಅಮೆರಿಕದ ಹವಾಮಾನ ಸೇವೆಗೂ ಹಳೆಯ ನಂಟಿದೆ. ಈ ಸರೋವರಗಳಲ್ಲಿ ಬಿರುಗಾಳಿಗೆ ಸಿಲುಕಿ ಹಡಗುಗಳು ಮುಳುಗುತ್ತಿದ್ದುದನ್ನು ಕಂಡ ವಿಸ್ಕಾನ್ಸಿನ್‌ನ ವಿದ್ವಾಂಸ ಇಂಕ್ರೀಸ್ ಲ್ಯಾಪ್‌ಹ್ಯಾಮ್, ತಂತಿಯ ಮೂಲಕ ಮುನ್ಸೂಚನೆ ನೀಡುವ ವ್ಯವಸ್ಥೆಗಾಗಿ ಒತ್ತಾಯಿಸಿದರು. 1870ರಲ್ಲಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಇದಕ್ಕೆ ಅಂಗೀಕಾರ ನೀಡಿದರು. ಅದೇ ವರ್ಷದ ನವೆಂಬರ್‌ನಲ್ಲಿ ಮಹಾ ಸರೋವರಗಳಿಗೆ ಸಂಬಂಧಿಸಿದ ಮೊದಲ ಬಿರುಗಾಳಿ ಎಚ್ಚರಿಕೆಯನ್ನು ಲ್ಯಾಪ್‌ಹ್ಯಾಮ್ ಅವರೇ ಹೊರಡಿಸಿದರು.

ಈಗ ರಾಷ್ಟ್ರೀಯ ಹವಾಮಾನ ಸೇವೆಯ ಬಫಲೋ ಕಚೇರಿಯು ನಗರದ ಪೂರ್ವಕ್ಕಿರುವ ವಿಮಾನ ನಿಲ್ದಾಣದ ಬಳಿ ಕಾರ್ಯ ನಿರ್ವಹಿಸುತ್ತಿದೆ. ಇಲ್ಲಿಂದ ಪ್ರತಿದಿನ ಎರಡು ಬಾರಿ ಉಪಕರಣ ಕಟ್ಟಿದ ಬಲೂನನ್ನು ಹಾರಿಬಿಟ್ಟು ಮೇಲಿನ ಗಾಳಿಯ ಉಷ್ಣತೆ, ತೇವ ಮತ್ತು ದಿಕ್ಕನ್ನು ತಿಳಿಯಲಾಗುತ್ತದೆ. ಸರೋವರದ ನೀರಿನ ಉಷ್ಣತೆಯನ್ನೂ ಪ್ರತಿದಿನ ದಾಖಲಿಸಲಾಗುತ್ತದೆ. ಇವುಗಳ ಜೊತೆಗೆ ಉಪಗ್ರಹ ಚಿತ್ರಗಳು, ರೇಡಾರ್ ಮತ್ತು ಆಲ್ಬನಿಯ ವಿಶ್ವವಿದ್ಯಾಲಯವು ನಡೆಸುವ 126 ಸ್ವಯಂಚಾಲಿತ ಕೇಂದ್ರಗಳ ರಾಜ್ಯಮಟ್ಟದ ಜಾಲವೂ ನೆರವಾಗುತ್ತವೆ.

ಇಷ್ಟಿದ್ದರೂ ಸರೋವರ ಪರಿಣಾಮದ ಹಿಮವನ್ನು ಯಂತ್ರಗಳು ಪೂರ್ಣವಾಗಿ ಹಿಡಿಯಲಾರವು. ಈ ಮೋಡಗಳ ಎತ್ತರ ಕಡಿಮೆ. ಭೂಮಿ ದುಂಡಗಿರುವುದರಿಂದ ದೂರ ಹೋದಂತೆ ರೇಡಾರಿನ ಕಿರಣವು ಅವುಗಳ ಮೇಲಿಂದ ಹಾದುಹೋಗುತ್ತದೆ. ಪಟ್ಟಿಯೂ ಕಿರಿದಾದುದರಿಂದ ಎರಡು ಕೇಂದ್ರಗಳ ನಡುವೆ ಅದು ಅಡಗಿಕೊಳ್ಳಬಹುದು. ಈ ಕೊರತೆಯನ್ನು ತುಂಬುವವರು ಸ್ವಯಂಸೇವಕ ವೀಕ್ಷಕರು. 1890ರ ಕಾಯಿದೆಯಿಂದ ಆರಂಭವಾದ ಸಹಕಾರಿ ವೀಕ್ಷಕರ ಯೋಜನೆಯಲ್ಲಿ ಸಾಮಾನ್ಯ ನಾಗರಿಕರು ತಮ್ಮ ಮನೆ, ತೋಟ ಅಥವಾ ಕೆಲಸದ ಸ್ಥಳದಲ್ಲಿ ಪ್ರತಿದಿನ ಮಳೆ, ಹಿಮ ಮತ್ತು ಉಷ್ಣತೆಗಳನ್ನು ಅಳೆದು ವರದಿ ಮಾಡುತ್ತಾರೆ. ಕೊಲೊರಾಡೊದಲ್ಲಿ 1998ರಲ್ಲಿ ಆರಂಭವಾದ ‘ಕೊಕೊರಾಸ್’ ಎಂಬ ಮತ್ತೊಂದು ನಾಗರಿಕ ಜಾಲವೂ ಈಗ ದೇಶದಾದ್ಯಂತ ಹರಡಿದೆ. ಇದರಲ್ಲಿ ಶಾಲಾ ಮಕ್ಕಳೂ ಭಾಗವಹಿಸಬಹುದು.

ಹಿಮವನ್ನು ಅಳೆಯುವ ಕ್ರಮ ಸರಳವಾದರೂ ಅದಕ್ಕೆ ಶಿಸ್ತು ಬೇಕು. ಗಾಳಿಯ ಹೊಡೆತ ಕಡಿಮೆಯಿರುವ ತೆರೆದ ಜಾಗದಲ್ಲಿ ಬಿಳಿ ಬಣ್ಣ ಬಳಿದ ಹಲಗೆಯೊಂದನ್ನು ಇಡುತ್ತಾರೆ. ಅದರ ಮೇಲೆ ಬಿದ್ದ ಹಿಮದ ಎತ್ತರವನ್ನು ಅಳತೆಪಟ್ಟಿಯಿಂದ ನೋಡಿ, ಹಲಗೆಯನ್ನು ಒರೆಸಿ ಮತ್ತೆ ಇಡುತ್ತಾರೆ. ಆರು ಗಂಟೆಗೆ ಒಂದಕ್ಕಿಂತ ಹೆಚ್ಚು ಬಾರಿ ಹಲಗೆಯನ್ನು ಒರೆಸಬಾರದು. ಹಿಮವು ಬಿದ್ದ ಮೇಲೆ ತನ್ನ ಭಾರಕ್ಕೆ ತಾನೇ ಕುಗ್ಗುವುದರಿಂದ, ಮೇಲಿಂದ ಮೇಲೆ ಅಳೆದು ಕೂಡಿಸಿದರೆ ಮೊತ್ತವು ಉಬ್ಬಿಹೋಗುತ್ತದೆ. ಅನಂತರ ಹಿಮವನ್ನು ಕರಗಿಸಿ ಅದರಲ್ಲಿರುವ ನೀರನ್ನೂ ಅಳೆಯುತ್ತಾರೆ. ಸ್ಥೂಲವಾಗಿ 10 ಸೆಂ.ಮೀ. ಹಿಮ ಕರಗಿದರೆ 1 ಸೆಂ.ಮೀ. ನೀರಾಗುತ್ತದೆ ಎನ್ನುವರು, ಸರೋವರ ಪರಿಣಾಮದ ಹಗುರ ಹಿಮವಾದರೆ 20 ಸೆಂ.ಮೀ. ಅಥವಾ ಹೆಚ್ಚು ಬೇಕಾಗಬಹುದು. ಛಾವಣಿಯ ಮೇಲಿನ ಭಾರವನ್ನೂ, ಮುಂದೆ ಹಿಮ ಕರಗಿದಾಗ ಪ್ರವಾಹ ಬರುವ ಸಾಧ್ಯತೆಯನ್ನೂ ನಿರ್ಣಯಿಸುವುದು ಈ ನೀರಿನ ಲೆಕ್ಕದಿಂದಲೇ.

ಮುನ್ಸೂಚನೆಯ ಹಂತಗಳು

ಹವಾಮಾನ ಸೇವೆಯು ಮುಖ್ಯವಾಗಿ ಮೂರು ಬಗೆಯ ಪ್ರಕಟಣೆಗಳನ್ನು ಹೊರಡಿಸುತ್ತದೆ. ‘ವಾಚ್’ ಎಂದರೆ ಅಪಾಯದ ಸಾಧ್ಯತೆಯಿದೆ, ಸಿದ್ಧತೆ ಮಾಡಿಕೊಳ್ಳಬೇಕು ಎಂದರ್ಥ. ‘ವಾರ್ನಿಂಗ್’ ಎಂದರೆ ಅಪಾಯ ಬಹುಮಟ್ಟಿಗೆ ಖಚಿತ ಅಥವಾ ಆಗಲೇ ಆರಂಭವಾಗಿದೆ. ‘ಅಡ್ವೈಸರಿ’ ಎಂದರೆ ತೊಂದರೆಯಾಗುವುದು, ಆದರೆ ಎಚ್ಚರಿಕೆಯ ಮಟ್ಟಕ್ಕೆ ಮುಟ್ಟದು. ಸರೋವರ ಪರಿಣಾಮದ ಹಿಮಕ್ಕೂ ಬ್ಲಿಜರ್ಡ್‌ಗೂ ಬೇರೆ ಬೇರೆ ಎಚ್ಚರಿಕೆಗಳಿವೆ. ಹೆದ್ದಾರಿಗಳಲ್ಲಿ ಸರಣಿ ಅಪಘಾತಗಳಿಗೆ ಕಾರಣವಾಗುವ, ಅಲ್ಪಕಾಲದ ತೀವ್ರ ಹಿಮಪಾತಕ್ಕಾಗಿ 2018ರಿಂದ ಪ್ರತ್ಯೇಕ ಎಚ್ಚರಿಕೆಯೂ ದೇಶದಾದ್ಯಂತ ಜಾರಿಯಲ್ಲಿದೆ.

ಶೀತಗಾಳಿಯ ಸೂಚ್ಯಂಕವನ್ನೂ ಮುನ್ಸೂಚನೆಯಲ್ಲಿ ಸೇರಿಸಲಾಗುತ್ತದೆ. ಗಾಳಿಯು ದೇಹದ ಶಾಖವನ್ನು ಬೇಗ ಒಯ್ಯುವುದರಿಂದ, ಉಷ್ಣತೆ ಮೈನಸ್ 10 ಡಿಗ್ರಿ ಇದ್ದು ಗಂಟೆಗೆ 50 ಕಿ.ಮೀ. ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಸುಮಾರು ಮೈನಸ್ 22 ಡಿಗ್ರಿಯಷ್ಟು ಚಳಿ ತಟ್ಟುತ್ತದೆ.

ಈ ಪ್ರಕಟಣೆಗಳು ರೇಡಿಯೊ, ದೂರದರ್ಶನ ಮತ್ತು ಮೊಬೈಲ್ ಫೋನುಗಳ ಮೂಲಕ ಜನರನ್ನು ತಲುಪುತ್ತವೆ. ಶಾಲೆಗಳಿಗೆ ರಜೆ ಕೊಡುವುದು ಆಯಾ ಶಾಲಾ ಜಿಲ್ಲೆಯ ಅಧಿಕಾರ; ವಾಹನ ಸಂಚಾರವನ್ನು ನಿಷೇಧಿಸುವುದು ಕೌಂಟಿ, ನಗರ ಮತ್ತು ಊರುಗಳ ಆಡಳಿತಗಳ ಅಧಿಕಾರ. ಹವಾಮಾನ ಸೇವೆಗೆ ಎಚ್ಚರಿಸುವ ಹೊಣೆ ಮಾತ್ರ ಇದೆ. ರಸ್ತೆಯನ್ನು ಮುಚ್ಚುವ ಅಧಿಕಾರವಿಲ್ಲ. ಈ ಹೊಣೆಗಾರಿಕೆಯ ವಿಭಜನೆಯನ್ನು ತಿಳಿದರೆ ಮುಂದಿನ ಘಟನೆಗಳನ್ನು ಅರ್ಥಮಾಡಿಕೊಳ್ಳುವುದು ಸುಲಭ.

ಪ್ರಮುಖ ಬಿರುಗಾಳಿಗಳು

1977ರ ಬ್ಲಿಜರ್ಡ್: 1976ರ ಡಿಸೆಂಬರ್ ಮಧ್ಯದಲ್ಲಿಯೇ ಈರಿ ಸರೋವರ ಹೆಪ್ಪುಗಟ್ಟಿತು. ಅದರ ಮೇಲೆ ವಾರಗಟ್ಟಲೆ ಹಿಮ ಪುಡಿಪುಡಿಯಾಗಿ ಶೇಖರವಾಯಿತು. 1977ರ ಜನವರಿ 28ರಂದು ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಶೀತಗಾಳಿಯ ಮುಂಚೂಣಿ ನಗರಕ್ಕೆ ಬಡಿಯಿತು. ಗಂಟೆಗೆ 111 ಕಿ.ಮೀ.ವರೆಗೆ ವೇಗ ಪಡೆದ ಗಾಳಿಯು ಸರೋವರದ ಮೇಲಿದ್ದ ಹಿಮವನ್ನೆಲ್ಲ ಊರಿನೊಳಕ್ಕೆ ತಂದು ಸುರಿಯಿತು. ಆ ದಿನಗಳಲ್ಲಿ ಹೊಸದಾಗಿ ಬಿದ್ದ ಹಿಮ ಸುಮಾರು 30 ಸೆಂ.ಮೀ. ಮಾತ್ರ, ಆದರೆ ಗಾಳಿ ಒಡ್ಡಿದ ಹಿಮದಿಬ್ಬಗಳು ಕೆಲವೆಡೆ 9 ಮೀ. ಎತ್ತರಕ್ಕೆ ಮುಟ್ಟಿದವು. ನಗರದ ಮೃಗಾಲಯದಲ್ಲಿ ಮೂರು ಹಿಮಸಾರಂಗಗಳು ದಿಬ್ಬವನ್ನೇರಿ ಬೇಲಿಯಿಂದಾಚೆಗೆ ನಡೆದುಹೋದವು. ಫೆಬ್ರವರಿ 1ರವರೆಗೆ ಮುಂದುವರಿದ ಈ ಬಿರುಗಾಳಿಯಲ್ಲಿ 29 ಜನ ಮೃತಪಟ್ಟರು. ಅವರಲ್ಲಿ ಹಲವರು ಹಿಮದಲ್ಲಿ ಹೂತ ಕಾರುಗಳಲ್ಲಿ ಪತ್ತೆಯಾದರು. ಆ ಚಳಿಗಾಲದಲ್ಲಿ ಬಿದ್ದ ಒಟ್ಟು ಹಿಮ ಸುಮಾರು 506 ಸೆಂ.ಮೀ.; ಇದು ನಗರದ ದಾಖಲೆ.

2000ದ ನವೆಂಬರ್ 20: ಮಧ್ಯಾಹ್ನದ ಹೊತ್ತಿಗೆ ಆರಂಭವಾದ ಹಿಮಪಾತವು ಶಾಲೆ ಮತ್ತು ಕಚೇರಿಗಳು ಬಿಡುವ ವೇಳೆಗೆ ತೀವ್ರವಾಯಿತು. ಒಮ್ಮೆಲೇ ರಸ್ತೆಗಿಳಿದ ವಾಹನಗಳು ಒಂದಕ್ಕೊಂದು ಅಡ್ಡವಾಗಿ ನಿಂತವು. ಹಿಮ ತೆಗೆಯುವ ವಾಹನಗಳಿಗೂ ದಾರಿಯಿಲ್ಲದಾಯಿತು. ಅನೇಕ ಮಕ್ಕಳು ಶಾಲಾ ಬಸ್ಸುಗಳಲ್ಲಿ ರಾತ್ರಿಯವರೆಗೂ ಸಿಲುಕಿಕೊಂಡರು. ಹಿಮದ ಪ್ರಮಾಣದಷ್ಟೇ ಅದು ಬೀಳುವ ವೇಳೆಯೂ ಮುಖ್ಯವೆಂಬುದಕ್ಕೆ ಈ ಘಟನೆ ಉದಾಹರಣೆ.

2006ರ ಅಕ್ಟೋಬರ್: ಅಕ್ಟೋಬರ್ 12 ಮತ್ತು 13ರಂದು ಸುಮಾರು 57 ಸೆಂ.ಮೀ. ಒದ್ದೆ ಹಿಮ ಬಿದ್ದಿತು. ಮರಗಳಲ್ಲಿ ಇನ್ನೂ ಎಲೆಗಳಿದ್ದುದರಿಂದ ಕೊಂಬೆಗಳು ಭಾರ ತಾಳಲಾರದೆ ಮುರಿದು ವಿದ್ಯುತ್ ತಂತಿಗಳ ಮೇಲೆ ಬಿದ್ದವು. ಲಕ್ಷಾಂತರ ಮನೆಗಳು ಕತ್ತಲಲ್ಲಿ ಮುಳುಗಿದವು. ಅಷ್ಟು ಬೇಗನೆ ಇಷ್ಟೊಂದು ಹಿಮವನ್ನು ಯಾರೂ ನಿರೀಕ್ಷಿಸಿರಲಿಲ್ಲ.

2014ರ ನವೆಂಬರ್: ಹಿಮಪಟ್ಟಿಯೊಂದು ಸೌತ್‌ಟೌನ್ಸ್ ಮೇಲೆ ಬಹುಕಾಲ ಅಲುಗಾಡದೆ ನಿಂತು, ಕೆಲವೆಡೆ 150 ಸೆಂ.ಮೀ.ಗೂ ಹೆಚ್ಚು ಹಿಮವನ್ನು ಸುರಿಸಿತು. ಕೆಲವೇ ಕಿಲೋಮೀಟರ್ ಉತ್ತರದಲ್ಲಿ ಬಿದ್ದದ್ದು ಕೆಲವೇ ಸೆಂ.ಮೀ. ನಗರದಿಂದ ನೋಡಿದವರಿಗೆ ಅದು ನೆಲದಿಂದ ಮುಗಿಲಿಗೆ ಕಟ್ಟಿದ ಬಿಳಿಯ ಗೋಡೆಯಂತೆ ಕಾಣುತ್ತಿತ್ತು. ಹೆದ್ದಾರಿಯಲ್ಲಿ ನೂರಾರು ವಾಹನಗಳು ಸಿಲುಕಿದವು. ನಯಾಗರ ವಿಶ್ವವಿದ್ಯಾಲಯದ ಮಹಿಳಾ ಬಾಸ್ಕೆಟ್‌ಬಾಲ್ ತಂಡವು ತನ್ನ ಬಸ್ಸಿನಲ್ಲಿಯೇ 24 ಗಂಟೆಗೂ ಹೆಚ್ಚು ಕಾಲ ಕಳೆಯಬೇಕಾಯಿತು.

2022ರ ನವೆಂಬರ್: ಆರ್ಚರ್ಡ್ ಪಾರ್ಕ್ ಮತ್ತು ಹ್ಯಾಂಬರ್ಗ್‌ಗಳಲ್ಲಿ ಸುಮಾರು 200 ಸೆಂ.ಮೀ. ಹಿಮ ಬಿದ್ದಿತು. ಈ ಬಾರಿ ಮುನ್ಸೂಚನೆಯನ್ನು ಆಧರಿಸಿ, ಹಿಮ ಬೀಳುವ ಮೊದಲೇ ‘ಬಫಲೋ ಬಿಲ್ಸ್’ ಫುಟ್‌ಬಾಲ್ ತಂಡದ ಪಂದ್ಯವನ್ನು ಡೆಟ್ರಾಯಿಟ್‌ಗೆ ವರ್ಗಾಯಿಸಲಾಯಿತು.

2022ರ ಡಿಸೆಂಬರ್ ತಿಂಗಳ ಬ್ಲಿಜರ್ಡ್

ಈ ಬಿರುಗಾಳಿಯು ಪ್ರದೇಶದ ಇತಿಹಾಸದಲ್ಲಿಯೇ ಅತ್ಯಂತ ಹೆಚ್ಚು ಪ್ರಾಣಹಾನಿ ಮಾಡಿದ ಹಿಮಬಿರುಗಾಳಿಗಳಲ್ಲಿ ಒಂದು. ಮುನ್ಸೂಚನೆಯಲ್ಲಿ ಯಾವ ಲೋಪವೂ ಇರಲಿಲ್ಲ. ಹಲವು ದಿನ ಮೊದಲೇ ಹವಾಮಾನ ಸೇವೆಯು, ಒಂದು ತಲೆಮಾರಿಗೊಮ್ಮೆ ಬರುವಂತಹ ಘಟನೆಯೆಂದು ಇದನ್ನು ವರ್ಣಿಸಿತ್ತು. ಗಾಳಿಯ ವೇಗ, ಉಷ್ಣತೆಯ ಕುಸಿತ ಮತ್ತು ಅದು ಅಪ್ಪಳಿಸುವ ದಿನ ಇವೆಲ್ಲವೂ ಬಹುಮಟ್ಟಿಗೆ ಹೇಳಿದಂತೆಯೇ ನಡೆದವು.

ಡಿಸೆಂಬರ್ 23, ಶುಕ್ರವಾರ, ಕ್ರಿಸ್‌ಮಸ್ ಹಬ್ಬಕ್ಕೆ ಎರಡು ದಿನ ಮೊದಲು. ಮುಂಜಾನೆ ಉಷ್ಣತೆ ಶೂನ್ಯಕ್ಕಿಂತ ಮೇಲಿದ್ದು ಮಳೆಯಾಗುತ್ತಿತ್ತು. ಅನೇಕರು ಎಂದಿನಂತೆ ಕೆಲಸಕ್ಕೆ ಹೊರಟಿದ್ದರು. ಕೌಂಟಿಯ ಆಡಳಿತವು ವಾಹನ ಸಂಚಾರ ನಿಷೇಧವನ್ನು ಬೆಳಗ್ಗೆ 9.30ಕ್ಕೆ ಜಾರಿಗೊಳಿಸಿತು. ಆ ಹೊತ್ತಿಗೆ ಜನ ಆಗಲೇ ರಸ್ತೆಯಲ್ಲಿದ್ದರು. ಕೆಲವೇ ಗಂಟೆಗಳಲ್ಲಿ ಉಷ್ಣತೆ ತೀವ್ರವಾಗಿ ಕುಸಿದು, ಕೈಚಾಚಿದರೆ ಕೈ ಕಾಣದಷ್ಟು ಹಿಮ ಕವಿಯಿತು. ವಿಮಾನ ನಿಲ್ದಾಣದಲ್ಲಿ ಬ್ಲಿಜರ್ಡ್ ಸ್ಥಿತಿ ಸತತ 37 ಗಂಟೆ ಮುಂದುವರಿಯಿತು. ಅಲ್ಲಿ ಅಳೆದ ಒಟ್ಟು ಹಿಮ ಸುಮಾರು 132 ಸೆಂ.ಮೀ.

ಅಗ್ನಿಶಾಮಕ ವಾಹನಗಳು, ಆಂಬುಲೆನ್ಸ್‌ಗಳು ಮತ್ತು ಪೊಲೀಸ್ ವಾಹನಗಳೂ ಹಿಮದಲ್ಲಿ ಹೂತುಹೋದವು. ನೆರವಿಗಾಗಿ ಬಂದ ಕರೆಗಳಿಗೆ ಉತ್ತರಿಸಲು ಬಹಳ ಹೊತ್ತು ಸಾಧ್ಯವಾಗಲಿಲ್ಲ. ಈರಿ ಕೌಂಟಿಯೊಂದರಲ್ಲಿಯೇ 40ಕ್ಕೂ ಹೆಚ್ಚು ಜನ ಮೃತಪಟ್ಟರು. ಕೆಲವರು ಹೊರಗೆ ಚಳಿಗೆ ಸಿಲುಕಿ, ಕೆಲವರು ಕಾರಿನೊಳಗೆ, ಕೆಲವರು ವಿದ್ಯುತ್ ಕಡಿತಗೊಂಡ ತಣ್ಣನೆಯ ಮನೆಗಳಲ್ಲಿ, ಇನ್ನು ಕೆಲವರು ಆಂಬುಲೆನ್ಸ್ ತಲುಪದೆ ಅಥವಾ ಹಿಮ ತೆಗೆಯುವಾಗ ಹೃದಯಾಘಾತವಾಗಿ ಪ್ರಾಣ ಬಿಟ್ಟರು. ನಗರದಲ್ಲಿ ಮೃತಪಟ್ಟವರಲ್ಲಿ ಹೆಚ್ಚಿನವರು ಕಪ್ಪು ವರ್ಣೀಯರು. ಬಡತನ, ಹಳೆಯ ಮನೆಗಳು ಮತ್ತು ಹತ್ತಿರದಲ್ಲಿ ದಿನಸಿ ಅಂಗಡಿಗಳಿಲ್ಲದ ಬಡಾವಣೆಗಳ ಸ್ಥಿತಿ ಇದರಿಂದ ಚರ್ಚೆಗೆ ಬಂದಿತು.

ಅಧಿಕೃತ ನೆರವು ತಲುಪದ ಕಡೆ ನೆರೆಹೊರೆಯವರು ಮುಂದಾದರು. ಚೀಕ್ಟೊವಾಗದಲ್ಲಿ ಹಿಮಕ್ಕೆ ಸಿಲುಕಿದ ವ್ಯಕ್ತಿಯೊಬ್ಬರು ಶಾಲೆಯೊಂದರ ಕಿಟಕಿ ಒಡೆದು ಒಳಹೊಕ್ಕು, ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಆಶ್ರಯ ಒದಗಿಸಿ, ಕ್ಷಮೆ ಕೋರಿ ಚೀಟಿ ಬರೆದಿಟ್ಟು ಹೋದರು. ಪೊಲೀಸರು ಅವರನ್ನು ಹುಡುಕಿ ಕೃತಜ್ಞತೆ ಸಲ್ಲಿಸಿದರು. ನಗರದ ಕ್ಷೌರಿಕರೊಬ್ಬರು ತಮ್ಮ ಅಂಗಡಿಯ ಬಾಗಿಲನ್ನು ದಾರಿ ತಪ್ಪಿದವರಿಗಾಗಿ ತೆರೆದಿಟ್ಟರು. ದಂಪತಿಯೊಂದು ದಕ್ಷಿಣ ಕೊರಿಯಾದ ಪ್ರವಾಸಿಗರ ತಂಡವನ್ನು ಮನೆಯಲ್ಲಿ ಉಳಿಸಿಕೊಂಡಿತು.

2023ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಜ್ಞರು ನಗರಾಡಳಿತದ ಕೋರಿಕೆಯಂತೆ ಸಿದ್ಧಪಡಿಸಿದ ವರದಿಯು, ಸಂಚಾರ ನಿಷೇಧವನ್ನು ಇನ್ನೂ ಮೊದಲೇ ಘೋಷಿಸಬೇಕೆಂದೂ, ಹಿಮ ತೆಗೆಯುವ ಉಪಕರಣಗಳನ್ನು ಹೆಚ್ಚಿಸಬೇಕೆಂದೂ ಸಲಹೆ ಮಾಡಿತು. 2024ರ ಜನವರಿಯಲ್ಲಿ ಮತ್ತೊಂದು ಬಿರುಗಾಳಿ ಬಂದಾಗ ಸಂಚಾರವನ್ನು ಮುಂಚಿತವಾಗಿ ನಿರ್ಬಂಧಿಸಿ, ಜನವರಿ 14ರಂದು ನಡೆಯಬೇಕಿದ್ದ ದೊಡ್ಡ ಫುಟ್‌ಬಾಲ್ ಪಂದ್ಯವನ್ನು ಮರುದಿನಕ್ಕೆ ಮುಂದೂಡಲಾಯಿತು.

ಮನೆಮಟ್ಟದ ಸಿದ್ಧತೆ

ವಾಚ್ ಪ್ರಕಟವಾದೊಡನೆ ಆಹಾರ, ಕುಡಿಯುವ ನೀರು, ಔಷಧ, ಬ್ಯಾಟರಿ ದೀಪ ಮತ್ತು ಕಂಬಳಿಗಳನ್ನು ಕೂಡಿಡುವುದು ಈ ಪ್ರದೇಶದ ರೂಢಿ. ಕಾರಿನಲ್ಲಿ ಸಲಿಕೆ, ಕಂಬಳಿ ಮತ್ತು ತಿಂಡಿಯನ್ನು ಇಟ್ಟುಕೊಳ್ಳುತ್ತಾರೆ. ಹಿಮದಲ್ಲಿ ಕಾರು ಸಿಲುಕಿದರೆ ಅದನ್ನು ಬಿಟ್ಟು ನಡೆಯತೊಡಗುವುದು ಅಪಾಯಕರ. ಎಂಜಿನ್ ಚಾಲೂ ಮಾಡುವ ಮೊದಲು ಹೊಗೆಕೊಳವೆಯ ಸುತ್ತಲಿನ ಹಿಮವನ್ನು ತೆಗೆಯಬೇಕು. ಇಲ್ಲದಿದ್ದರೆ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಅನಿಲ ಕಾರಿನೊಳಗೆ ತುಂಬುತ್ತದೆ. ಮನೆಗಳ ಶಾಖಯಂತ್ರದ ಹೊಗೆಕಿಂಡಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹೃದ್ರೋಗಿಗಳು ಮತ್ತು ವೃದ್ಧರು ಹಿಮ ಎತ್ತುವ ಕೆಲಸ ಮಾಡಬಾರದೆಂದು ವೈದ್ಯರು ಎಚ್ಚರಿಸುತ್ತಾರೆ. ಒಂಟಿಯಾಗಿ ವಾಸಿಸುವ ನೆರೆಯವರನ್ನು ಬಿರುಗಾಳಿಗೆ ಮೊದಲೇ ವಿಚಾರಿಸಿಕೊಳ್ಳುವುದು ಮುಖ್ಯ. ಬಿರುಗಾಳಿ ಆರಂಭವಾದ ಮೇಲೆ ಬೀದಿಯ ಆಚೆ ಬದಿಯೂ ದೂರದ ಊರಾಗಿಬಿಡುತ್ತದೆ.

ಮುನ್ಸೂಚನೆಯ ಮಿತಿ ಮತ್ತು ಭವಿಷ್ಯ

ಕಂಪ್ಯೂಟರ್ ಮಾದರಿಗಳು ಈಗ ಸುಮಾರು 3 ಕಿ.ಮೀ. ಅಂತರದ ಚೌಕಗಳಲ್ಲಿ ಗಂಟೆಗೊಮ್ಮೆ ಹೊಸ ಲೆಕ್ಕಾಚಾರ ಮಾಡುತ್ತವೆ. ಹಿಮಪಟ್ಟಿ ರೂಪುಗೊಳ್ಳುವುದನ್ನು ಹಲವು ದಿನ ಮೊದಲೇ ಹೇಳಬಹುದು. ಆದರೆ ಅದು ಯಾವ ಬೀದಿಯ ಮೇಲೆ, ಎಷ್ಟು ಗಂಟೆ ನಿಲ್ಲುವುದೆಂದು ಖಚಿತವಾಗಿ ಹೇಳುವುದು ಇನ್ನೂ ಕಷ್ಟ. ಮಹಾ ಸರೋವರಗಳ ಮೇಲಿನ ಮಂಜುಗಡ್ಡೆಯ ಹೊದಿಕೆಯು 1970ರ ದಶಕದಿಂದ ಒಟ್ಟಾರೆ ಕಡಿಮೆಯಾಗುತ್ತಿದೆ. ನೀರು ಹೆಚ್ಚು ಕಾಲ ಬೆಚ್ಚಗಿದ್ದು ತೆರೆದಿದ್ದರೆ ಸರೋವರ ಪರಿಣಾಮದ ಅವಧಿ ದೀರ್ಘವಾಗಬಹುದೆಂದೂ, ವಾತಾವರಣ ಇನ್ನಷ್ಟು ಬಿಸಿಯಾದ ಮೇಲೆ ಹಿಮದ ಬದಲು ಮಳೆ ಹೆಚ್ಚಬಹುದೆಂದೂ ವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ.

2000 ಮತ್ತು 2006ರ ಘಟನೆಗಳಲ್ಲಿ ಜನ ಸಿದ್ಧರಾಗುವ ಮೊದಲೇ ಹಿಮ ಕವಿದಿತ್ತು. 2022ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಕೈಯಲ್ಲಿದ್ದರೂ ಅದು ಎಲ್ಲರ ಮನೆಯಲ್ಲಿ, ಎಲ್ಲ ಕಚೇರಿಗಳಲ್ಲಿ ಸಕಾಲಿಕ ನಿರ್ಧಾರವಾಗಿ ಪರಿಣಮಿಸಲಿಲ್ಲ. ಆದಕಾರಣ ಬಫಲೋ ಪ್ರದೇಶದಲ್ಲಿ ಇಂದು ಮುನ್ಸೂಚನೆಯ ಕುರಿತ ಚರ್ಚೆಯು ಉಪಕರಣಗಳ ನಿಖರತೆಗೆ ಸೀಮಿತವಾಗಿಲ್ಲ. ರಜೆ ಕೊಡುವ ಮಾಲೀಕ, ರಸ್ತೆ ಮುಚ್ಚುವ ಅಧಿಕಾರಿ, ಕಾರು ಹೊರತೆಗೆಯದಿರುವ ನಾಗರಿಕ ಮತ್ತು ಹಲಗೆಯ ಮೇಲಿನ ಹಿಮವನ್ನು ಅಳೆದು ವರದಿ ಕಳಿಸುವ ಸ್ವಯಂಸೇವಕ, ಇವರೆಲ್ಲರನ್ನೂ ಅದೇ ಎಚ್ಚರಿಕೆ ವ್ಯವಸ್ಥೆಯ ಅಂಗಗಳೆಂದು ಪರಿಗಣಿಸಲಾಗುತ್ತಿದೆ.